ಸೋರುವುದು ಸೀಲು, ಕಾರಣ ಬೇರೆ

ಹಳೆಯ ಓಮ್ನಿಯೋ ಅಂಬಾಸಿಡರೋ ನಿಲ್ಲುವ ಅಂಗಳವನ್ನು ಗಾಡಿ ಇಲ್ಲದಾಗಲೂ ಗುರುತಿಸಬಹುದು. ಹಿಂದಿನ ಎರಡು ಚಕ್ರಗಳ ನಡುವೆ ಬರುವ ಜಾಗದಲ್ಲಿ, ಸಿಮೆಂಟಿನ ಮೇಲೆ ತಟ್ಟೆಯಗಲದ ಕಪ್ಪು ಕಲೆ. ಅದರ ಮೇಲೊಂದಿಷ್ಟು ಮರಳೋ ಮರದ ಹೊಟ್ಟೋ ಉದುರಿಸಿರುತ್ತಾರೆ. ಮುಟ್ಟಿದರೆ ಜೋನಿಬೆಲ್ಲದಂತೆ ಬೆರಳಿಗೆ ಅಂಟುತ್ತದೆ, ಮೂಸಿದರೆ ಗಂಧಕದ ಕಟು ವಾಸನೆ. ಇದನ್ನು ಗ್ಯಾರೇಜಿನಲ್ಲಿ ಹೇಳಿದರೆ ಸಾಮಾನ್ಯವಾಗಿ ಸಿಗುವುದು ಎರಡೇ ಉತ್ತರ. ‘ಹಳೇ ಗಾಡಿ ಅಲ್ವಾ ಸಾರ್, ಸೋರತ್ತೆ, ಆಗಾಗ ಆಯಿಲ್ ಹಾಕ್ತಾ ಇರಿ’ ಎನ್ನುವುದು ಒಂದು. ‘ಬಿಟ್ಟು ಹೋಗಿ, ಸಾಯಂಕಾಲಕ್ಕೆ ಸೀಲ್ ಹಾಕಿ ಕೊಡ್ತೀನಿ’ ಎನ್ನುವುದು ಇನ್ನೊಂದು. ಮೊದಲನೆಯದು ಉದಾಸೀನ, ಎರಡನೆಯದು ಉತ್ಸಾಹ. ಆದರೆ ಆಯಿಲನ್ನು ಒಳಗೇ ತಡೆಯುವ ಆ ರಬ್ಬರ್ ಸೀಲು ಯಾಕೆ ಸೋರಿತು ಎಂಬ ಪ್ರಶ್ನೆಯನ್ನು ಎರಡೂ ಕೇಳುವುದೇ ಇಲ್ಲ. ಡಿಫರೆನ್ಷಿಯಲ್ ಸೋರಿಕೆಯ ರಿಪೇರಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸ ಈ ಪ್ರಶ್ನೆಗೆ ಉತ್ತರ ಹುಡುಕುವುದು. ಅದನ್ನು ಕೆಲಸವೆಂದೇ ಒಪ್ಪಿ, ಅದಕ್ಕೆ ಬೇರೆಯೇ ಕೂಲಿ ಕೊಡುವ ರೂಢಿ ನಮ್ಮಲ್ಲಿ ಬರುವವರೆಗೆ ಈ ಕಲೆಗಳು ಅಂಗಳ ಬಿಟ್ಟು ಹೋಗುವುದಿಲ್ಲ ಎನ್ನುವುದು ನನ್ನ ವಾದ.

ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಗಾಡಿಗಳಿಗಷ್ಟೇ ಈ ಕಾಯಿಲೆ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಅದಕ್ಕೂ ಮೊದಲೇ ಕಣ್ಮರೆಯಾದ ಪ್ರೀಮಿಯರ್ ಪದ್ಮಿನಿ, 1984ರಿಂದ 2019ರವರೆಗೆ ಬಂದ ಮಾರುತಿ ಓಮ್ನಿ, ಜಿಪ್ಸಿ, ಮಹೀಂದ್ರಾ ಜೀಪುಗಳು, ಸುಮೊ, ಕ್ವಾಲಿಸ್, ಬೊಲೆರೊ ಎಲ್ಲ ಈ ಬಳಗದವು. ಮಾರುತಿ 800 ಇಟ್ಟುಕೊಂಡವರು ನಿಶ್ಚಿಂತೆಯಿಂದ ಮುಂದಿನ ಪುಟಕ್ಕೆ ಹೋಗಬಹುದು. ಅದರ ಹಿಂಭಾಗದಲ್ಲಿ ಸೋರಲು ಇಂಥದ್ದೇನೂ ಇಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಪ್ರೊಪೆಲ್ಲರ್ ಶಾಫ್ಟ್ ಎಂಬ ಒಂದೇ ಶಾಫ್ಟಿನಿಂದ ಬಂದ ಬಲವನ್ನು ಎರಡಕ್ಕೂ ಹಂಚಿ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಗುಂಪೇ ಡಿಫರೆನ್ಷಿಯಲ್. ಗ್ಯಾರೇಜಿನವರ ಬಾಯಲ್ಲಿ ಅದು ಬರೀ ‘ಕ್ರೌನ್’. ಈ ಗಾಡಿಗಳಲ್ಲಿ ಸಾಮಾನ್ಯವಾಗಿರುವ ಹೈಪಾಯ್ಡ್ ಜೋಡಣೆಯಲ್ಲಿ ಶಾಫ್ಟಿನ ಕಡೆಯ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ನು ದೊಡ್ಡ ಕ್ರೌನ್ ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಬಂದು ಕಚ್ಚಿಕೊಳ್ಳುತ್ತದೆ. ಹಾಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಈ ಉಜ್ಜಾಟ ತಡೆದುಕೊಳ್ಳಲೆಂದೇ ಗೇರ್ ಆಯಿಲಿಗೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಆ ವಾಸನೆ ಅದರದ್ದೇ. ಎಂಜಿನ್ನಿನಲ್ಲಿ ಆಯಿಲ್ ಒತ್ತಡ ಬಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಡಿಫರೆನ್ಷಿಯಲ್ ಕೂತಿರುವ ಹಿಂದಿನ ಹೌಸಿಂಗಿಗೆ ಅಂಥ ದೀಪವಿಲ್ಲ. ಒಳಗೆ ಇರುವುದೇ ಲೀಟರು, ಒಂದೂವರೆ ಲೀಟರಿನಷ್ಟು ಆಯಿಲ್. ಅದು ಮುಗಿದದ್ದು ಗೊತ್ತಾಗುವುದು ಬೇರಿಂಗು ಗೊರಗುಟ್ಟಲು ಶುರು ಮಾಡಿದ ಮೇಲೆ.

ಹನಿ ಬಿದ್ದ ಜಾಗವೇ ಸೋರಿಕೆಯ ಜಾಗ ಎಂದು ನಂಬುವುದು ಮೊದಲ ತಪ್ಪು. ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಸೀಲು, ಎರಡೂ ಚಕ್ರಗಳ ಕಡೆಯ ಆಕ್ಸಲ್ ಸೀಲುಗಳು, ಹೌಸಿಂಗಿಗೆ ಮುಚ್ಚಳ ಅಥವಾ ಕ್ರೌನ್ ಇರುವ ಗುಂಡಾದ ಭಾಗ ಕೂಡುವಲ್ಲಿನ ಪ್ಯಾಕಿಂಗು, ಆಯಿಲ್ ತುಂಬುವ ಮತ್ತು ಇಳಿಸುವ ಪ್ಲಗ್ಗುಗಳು, ತುಕ್ಕು ಹಿಡಿದ ಹೌಸಿಂಗಿನ ಬೆಸುಗೆ, ಇವುಗಳಲ್ಲಿ ಎಲ್ಲಿಂದ ಬೇಕಾದರೂ ಆಯಿಲ್ ಹೊರಡಬಹುದು. ಹೊರಟದ್ದು ನೇರ ಕೆಳಗೆ ಬೀಳುವುದಿಲ್ಲ. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಪಿನಿಯನ್ನಿನ ಮುಂತುದಿಯಲ್ಲಿ ತಿರುಗುವ ಫ್ಲ್ಯಾಂಜು ಸುತ್ತಲೂ ಎರಚುತ್ತದೆ. ಕೊನೆಗೆ ಎಲ್ಲವೂ ಹೌಸಿಂಗಿನ ತಗ್ಗಿನ ತುದಿಗೆ ಬಂದು ಹನಿಯುತ್ತದೆ. ಗೇರ್‌ಬಾಕ್ಸಿನ ಹಿಂತುದಿಯ ಸೋರಿಕೆ ಗಾಳಿಯ ಹೊಡೆತಕ್ಕೆ ಹಿಂದೆ ಬಂದು ಡಿಫರೆನ್ಷಿಯಲ್ಲಿನ ಮುಖಕ್ಕೆ ಮೆತ್ತಿಕೊಂಡು, ತಪ್ಪು ಮಾಡದ ಸೀಲು ಶಿಕ್ಷೆ ಅನುಭವಿಸುವುದೂ ಉಂಟು. ಪತ್ತೆ ಮಾಡುವ ವಿಧಾನ ಹಳೆಯದು, ಅಗ್ಗದ್ದು. ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಬ್ರಷ್ ಅದ್ದಿ ವರ್ಷಗಳ ಜಿಡ್ಡನ್ನೆಲ್ಲ ಉಜ್ಜಿ ತೆಗೆಯಬೇಕು, ಬನಿಯನ್ ವೇಸ್ಟಿನಲ್ಲಿ ಒರೆಸಿ ಒಣಗಲು ಬಿಡಬೇಕು, ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೇ ತೆಳ್ಳಗೆ ಉದುರಿಸಬೇಕು. ಆಮೇಲೆ ಇಪ್ಪತ್ತು ಮೂವತ್ತು ಕಿಲೋಮೀಟರು ಓಡಿಸಿ ಬಂದು ಟಾರ್ಚು ಹಿಡಿದು ಕೆಳಗೆ ಮಲಗಿದರೆ, ಬಿಳಿ ಪೌಡರಿನ ಮೇಲೆ ಒದ್ದೆ ಗೆರೆ ಎಲ್ಲಿಂದ ಹೊರಟಿದೆ ಎನ್ನುವುದು ಹಾದಿಯಂತೆ ಕಾಣುತ್ತದೆ. ಅತ್ಯಂತ ಮೇಲಿನ, ಅತ್ಯಂತ ಮುಂದಿನ ಒದ್ದೆಯೇ ಮೂಲ. ಇದಕ್ಕೆ ಬೇಕಾಗುವುದು ಒಂದೆರಡು ಗಂಟೆ ಸಮಯ ಮತ್ತು ಒಂದು ಓಡಾಟ. ನಮ್ಮ ಗ್ಯಾರೇಜುಗಳ ಲೆಕ್ಕದಲ್ಲಿ ಈ ಎರಡಕ್ಕೂ ಬೆಲೆಯಿಲ್ಲ.

ಮೂಲ ಸಿಕ್ಕಿತು, ಪಿನಿಯನ್ ಸೀಲೇ ಸೋರುತ್ತಿದೆ ಎಂದಿಟ್ಟುಕೊಳ್ಳೋಣ. ಆಗಲೂ ಪಾನಾ ಕೈಗೆತ್ತಿಕೊಳ್ಳುವ ಮೊದಲು ನೋಡಬೇಕಾದ ಇನ್ನೊಂದು ವಸ್ತುವಿದೆ: ಬ್ರೀದರ್. ಹೌಸಿಂಗಿನ ನೆತ್ತಿಯ ಮೇಲೆ, ಅಥವಾ ಆಕ್ಸಲ್ ಕೊಳವೆಯ ಮೇಲೆ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಟೋಪಿ. ಕೆಲವು ಗಾಡಿಗಳಲ್ಲಿ ಅದರ ಬದಲು ಒಂದು ರಬ್ಬರ್ ಪೈಪು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಬಿಡುವುದು, ತಣಿದಾಗ ಒಳಕ್ಕೆ ಬಿಟ್ಟುಕೊಳ್ಳುವುದು, ಇಷ್ಟೇ ಅದರ ಕೆಲಸ. ಲೆಕ್ಕ ಸರಳ. ಬೆಳಿಗ್ಗೆ 25 ಡಿಗ್ರಿ ಇದ್ದ ಹೌಸಿಂಗು ಹೆದ್ದಾರಿಯಲ್ಲಿ ಓಡಿ 80 ಡಿಗ್ರಿ ತಲುಪಿತು ಎಂದುಕೊಳ್ಳಿ. ಬ್ರೀದರ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಸುಮಾರು ಐದನೇ ಒಂದು ಪಾಲು ಏರುತ್ತದೆ. ಕಾರಿನ ಟೈರಿಗೆ ತುಂಬುವ ಗಾಳಿಯ ಹತ್ತನೇ ಒಂದರಷ್ಟು, ಮೂರು ಪೌಂಡಿನ ಆಸುಪಾಸು. ಕೇಳಲು ಅಲ್ಪ. ಆದರೆ ಸೀಲಿನ ರಬ್ಬರ್ ತುಟಿ ಶಾಫ್ಟನ್ನು ಅಪ್ಪಿಕೊಂಡಿರುವುದು ದಾರದಷ್ಟು ತೆಳ್ಳಗಿನ ಸ್ಪ್ರಿಂಗಿನ ಬಲದಲ್ಲಿ. ಎರಚಿ ಬಂದ ಆಯಿಲನ್ನು ಒರೆಸಿ ಒಳಕ್ಕೆ ತಳ್ಳುವುದಕ್ಕೆ ಅದು ಇರುವುದು, ಹಿಂದಿನಿಂದ ನೂಕುವ ಗಾಳಿಯೊಡನೆ ಕುಸ್ತಿ ಆಡುವುದಕ್ಕಲ್ಲ. ಸ್ವಲ್ಪ ಸವೆದ ತುಟಿಯಾದರೆ ಆ ಮೂರು ಪೌಂಡಿಗೇ ಬಾಯಿ ಬಿಡುತ್ತದೆ. ಅಂಥ ಗಾಡಿಗೆ ಹೊಸ ಸೀಲು ಹಾಕಿದರೆ ಕೆಲವು ತಿಂಗಳು ನಿಂತು ಮತ್ತೆ ಸೋರುತ್ತದೆ. ಮಾಲೀಕ ‘ಡೂಪ್ಲಿಕೇಟ್ ಸೀಲ್ ಹಾಕಿದ’ ಎಂದು ಮೆಕ್ಯಾನಿಕ್ಕನ್ನು ಬೈಯುತ್ತಾನೆ, ಮೆಕ್ಯಾನಿಕ್ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವನನ್ನು ಬೈಯುತ್ತಾನೆ. ಕೆಸರು ಮೆತ್ತಿಕೊಂಡ ಟೋಪಿಯನ್ನು ಯಾರೂ ಬೈಯುವುದಿಲ್ಲ.

ಈ ಟೋಪಿ ಕಟ್ಟಿಕೊಳ್ಳುವ ಬಗೆಗಳಲ್ಲಿ ಒಂದಂತೂ ನಾವೇ ದುಡ್ಡು ಕೊಟ್ಟು ಮಾಡಿಸಿಕೊಳ್ಳುವಂಥದ್ದು. ಮಳೆಗಾಲಕ್ಕೆ ಮುಂಚೆ ಗಾಡಿಯ ತಳಕ್ಕೆ ತುಕ್ಕು ಹಿಡಿಯದಂತೆ ಕಪ್ಪು ಕೋಟಿಂಗ್ ಹೊಡೆಸುತ್ತೇವಲ್ಲ, ಹೊಡೆಯುವ ಹುಡುಗ ಬ್ರೀದರಿಗೆ ಒಂದು ಚೂರು ಟೇಪು ಸುತ್ತಿ ಮುಚ್ಚದಿದ್ದರೆ ಅದರ ಬಾಯಿಯೂ ಅದೇ ಡಾಂಬರಿನಲ್ಲಿ ಮುಚ್ಚಿಹೋಗುತ್ತದೆ. ಮಲೆನಾಡಿನ ತೋಟದ ಜೀಪುಗಳದು ಇನ್ನೊಂದು ಕಥೆ. ಗಂಟೆಗಟ್ಟಲೆ ಏರು ಹತ್ತಿ ಕಾದ ಹೌಸಿಂಗು ಹಳ್ಳಕ್ಕಿಳಿದ ಕೂಡಲೇ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕಟ್ಟಿದ್ದರೆ ಆ ಸೆಳೆತಕ್ಕೆ ಸಿಗುವುದು ಸೀಲಿನ ಸಂದಿಯ ನೀರು. ಬ್ರೀದರ್ ತೆರೆದಿದ್ದೂ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ನೀರು. ಆಮೇಲೆ ಪ್ಲಗ್ ಬಿಚ್ಚಿದಾಗ ಇಳಿಯುವ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿರುತ್ತದೆ. ಅಂಥ ಗಾಡಿಗಳಿಗೆ ಬ್ರೀದರಿಗೊಂದು ಉದ್ದನೆಯ ಪೈಪು ಸಿಕ್ಕಿಸಿ ಅದರ ತುದಿಯನ್ನು ಬಾಡಿಯ ಎತ್ತರದ ಜಾಗಕ್ಕೆ ಕಟ್ಟುವುದು ಬಲ್ಲವರು ಮಾಡುವ ಕೆಲಸ. ಖರ್ಚು ಕೆಲವೇ ಅಡಿ ಪೈಪಿನದು.

ಬ್ರೀದರ್ ಸರಿಯಿದ್ದೂ ಪಿನಿಯನ್ ಸೀಲು ಸೋರುತ್ತಿದ್ದರೆ ಎರಡು ಸಂಶಯ ಉಳಿಯುತ್ತವೆ. ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಪಿನಿಯನ್ ಫ್ಲ್ಯಾಂಜನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ತಿರುಗುವ ದಿಕ್ಕಿನಲ್ಲಿ ಕೊಂಚ ಸಡಿಲ ಇರುವುದು ಸಹಜ, ಅದು ಹಲ್ಲುಗಳ ನಡುವಿನ ಅಂತರ. ಮೇಲೆ ಕೆಳಗೆ ಕೈಗೆ ಗೊತ್ತಾಗುವಷ್ಟು ಅಲ್ಲಾಡಿದರೆ ಬೇರಿಂಗು ಸವೆದಿದೆ ಎಂದರ್ಥ. ಓಲಾಡುವ ಶಾಫ್ಟಿಗೆ ಎಷ್ಟು ಸೀಲು ಹಾಕಿದರೂ ಒಂದೇ. ಇನ್ನೊಂದು, ಫ್ಲ್ಯಾಂಜಿನ ಮೇಲೆ ಸೀಲಿನ ತುಟಿ ಕೂರುವ ಜಾಗ. ವರ್ಷಗಟ್ಟಲೆ ಒಂದೇ ಕಡೆ ಉಜ್ಜುವ ರಬ್ಬರು, ಅದರಡಿ ಸಿಕ್ಕ ದೂಳಿನ ಸಹಾಯದಿಂದ, ಉಕ್ಕನ್ನೂ ಕೊರೆಯುತ್ತದೆ. ಆ ಜಾಗವನ್ನು ಒರೆಸಿ ಉಗುರಿನಿಂದ ಅಡ್ಡ ಗೀರಿದಾಗ ಉಗುರು ಸಿಕ್ಕಿಕೊಂಡರೆ ಅಲ್ಲಿ ತೋಡು ಬಿದ್ದಿದೆ. ಆಗ ಅದರ ಮೇಲೆ ತೆಳು ಉಕ್ಕಿನ ಸ್ಲೀವ್ ಏರಿಸಬೇಕು, ಅಥವಾ ಫ್ಲ್ಯಾಂಜನ್ನೇ ಬದಲಿಸಬೇಕು. ಏನೂ ಸಿಗದಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರು ಆಚೀಚೆ ಕೂರಿಸಿ ಅದರ ತುಟಿ ಸವೆಯದ ಜಾಗಕ್ಕೆ ಬೀಳುವಂತೆ ಮಾಡಬೇಕು. ಉಗುರಿನ ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಅದನ್ನು ಮಾಡದೆ ಹಾಕಿದ ಸೀಲು ಹಳೇ ತೋಡಿನೊಳಗೇ ಕೂತು ಮೊದಲ ದಿನದಿಂದಲೇ ಸೋರಿದರೆ ಆಶ್ಚರ್ಯವಿಲ್ಲ.

ಇಲ್ಲೊಂದು ತಕರಾರು ಏಳುತ್ತದೆ. ಇಷ್ಟೆಲ್ಲ ಪತ್ತೇದಾರಿಕೆ ಯಾಕೆ, ಮೂರೂ ಸೀಲು, ಪ್ಯಾಕಿಂಗು ಎಲ್ಲ ಒಟ್ಟಿಗೆ ಬದಲಿಸಿದರಾಯಿತಲ್ಲ, ಸೀಲಿಗೇನು ಮಹಾ ಬೆಲೆ? ಅರ್ಧದಷ್ಟು ಸರಿಯಾದ ಮಾತು. ಒಂದು ಕಡೆಯ ಆಕ್ಸಲ್ ಹೊರಗೆಳೆದ ಮೇಲೆ ಇನ್ನೊಂದು ಕಡೆಯದನ್ನೂ ಮಾಡಿ ಮುಗಿಸುವುದು ಜಾಣತನ. ಪಿನಿಯನ್ನಿನ ವಿಷಯ ಮಾತ್ರ ಹಾಗಲ್ಲ. ಆ ಸೀಲು ತೆಗೆಯಲು ದೊಡ್ಡ ನಟ್ಟೊಂದನ್ನು ಬಿಚ್ಚಬೇಕು, ಮತ್ತು ಆ ನಟ್ಟು ಬರೀ ಬಿಗಿತಕ್ಕಿರುವುದಲ್ಲ. ಬಹಳಷ್ಟು ಗಾಡಿಗಳಲ್ಲಿ ಎರಡು ಬೇರಿಂಗುಗಳ ನಡುವೆ ಅಮುಕಿದಂತೆ ಕುಗ್ಗುವ ಉಕ್ಕಿನ ಕೊಳವೆ ಇರುತ್ತದೆ. ನಟ್ಟನ್ನು ಎಷ್ಟು ತಿರುಗಿಸಿದ್ದಾರೆ ಎನ್ನುವುದರ ಮೇಲೆ ಬೇರಿಂಗುಗಳ ಮೇಲಿನ ಅಳತೆಯ ಒತ್ತಡ ನಿಂತಿರುತ್ತದೆ. ಬಿಚ್ಚುವ ಮುಂಚೆ ನಟ್ಟು, ಶಾಫ್ಟು ಎರಡಕ್ಕೂ ಸೇರಿ ಉಳಿಯಿಂದ ಗುರುತು ಹಾಕಿ, ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕೆಂದು ಟಾರ್ಕ್ ವ್ರೆಂಚಿನಲ್ಲಿ ಅಳೆದಿಟ್ಟುಕೊಂಡು, ಮತ್ತೆ ಅಲ್ಲಿಗೇ ತರಬೇಕು; ಸಾಧ್ಯವಿದ್ದರೆ ಕೊಳವೆಯನ್ನೂ ಹೊಸದು ಹಾಕಬೇಕು. ಗಾಳಿ ಗನ್ನಿನಲ್ಲಿ ಗರ್‍ರೆಂದು ಬಿಗಿದುಬಿಟ್ಟರೆ ಕೊಳವೆ ಅಗತ್ಯಕ್ಕಿಂತ ಹೆಚ್ಚು ಕುಗ್ಗಿ ಬೇರಿಂಗು ಹಿಡಿದುಕೊಳ್ಳುತ್ತದೆ, ಕಾಯುತ್ತದೆ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಹಾಡತೊಡಗುತ್ತದೆ. ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಉಜ್ಜಿ ಜೊತೆ ಮಾಡಿದ ಹಲ್ಲುಗಳು. ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕು. ಎಲ್ಲ ಸೀಲೂ ಬದಲಿಸುವ ಔದಾರ್ಯದಲ್ಲಿ, ಸೋರದೇ ಇದ್ದ ಪಿನಿಯನ್ನಿಗೆ ಕೈ ಹಾಕಿ, ಇಲ್ಲದ ರೋಗ ತಂದುಕೊಳ್ಳುವ ದಾರಿಯಿದು.

ಎರಡನೆಯ ತಕರಾರು ಇನ್ನೂ ಹಳೆಯದು: ಹಳೇ ಗಾಡಿ ಸೋರಲಿ ಬಿಡಿ, 140 ನಂಬರಿನ ಗಟ್ಟಿ ಆಯಿಲ್ ಹಾಕಿದರೆ ಕಡಿಮೆಯಾಗುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ರಾತ್ರಿಗೆ ನಾಲ್ಕೈದು ಹನಿ ಬೀಳುವುದು ತುರ್ತು ಪ್ರಸಂಗವೇನಲ್ಲ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರು ಎಂದು ಹಿಡಿದರೆ ದಿನಕ್ಕೆ ಐದು ಹನಿ ಎಂದರೆ ವರ್ಷಕ್ಕೆ ನೂರು ಮಿಲಿಲೀಟರಿಗೂ ಕಡಿಮೆ. ಆದರೆ ನೆಲದ ಕಲೆ ಹೇಳುವುದು ನಿಂತಾಗಿನ ಲೆಕ್ಕ. ಪಿನಿಯನ್ ಸೀಲು ಹೆಚ್ಚು ಸೋರುವುದು ಓಡುವಾಗ, ಆಯಿಲ್ ಕಾದು ತೆಳ್ಳಗಾಗಿ ಎರಚಾಡುವಾಗ. ಅದರ ಸಾಕ್ಷಿ ಅಂಗಳದಲ್ಲಿಲ್ಲ, ಗಾಡಿಯ ತಳದಲ್ಲಿ ಫ್ಲ್ಯಾಂಜಿನ ನೇರಕ್ಕೆ ಅಡ್ಡಡ್ಡ ಬಿದ್ದ ಪಟ್ಟಿಯಲ್ಲಿದೆ. ಗಟ್ಟಿ ಆಯಿಲ್ ಸೋರಿಕೆಯನ್ನು ಕೊಂಚ ನಿಧಾನ ಮಾಡೀತು. ಜೊತೆಗೆ ಚಳಿಯ ಬೆಳಗಿನಲ್ಲಿ ಬೇರಿಂಗಿಗೆ ತಲುಪುವುದನ್ನೂ ನಿಧಾನ ಮಾಡುತ್ತದೆ. ಕೊರೆದ ತೋಡನ್ನೋ ಕಟ್ಟಿದ ಬ್ರೀದರನ್ನೋ ಅದು ಮುಟ್ಟುವುದೂ ಇಲ್ಲ. ‘ಆಯಿಲ್ ಹಾಕ್ತಾ ಇರಿ’ ಎಂಬ ಸಲಹೆಯಲ್ಲೂ ಒಂದು ಅಪಾಯವಿದೆ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿದಾಗ ಆಯಿಲ್ ಇರಬೇಕಾದದ್ದು ತುಂಬುವ ತೂತಿನ ಕೆಳ ಅಂಚಿನವರೆಗೆ ಮಾತ್ರ. ಹಿಂಭಾಗ ಜ್ಯಾಕಿನ ಮೇಲೆತ್ತಿ, ಇರಲಿ ಎಂದು ಹೆಚ್ಚು ಹೊಯ್ದರೆ ಹೆಚ್ಚಾದದ್ದು ಆಕ್ಸಲ್ ಕೊಳವೆಯುದ್ದಕ್ಕೂ ಹರಿದು ಚಕ್ರದ ಕಡೆಯ ಸೀಲಿಗೆ ಹೋಗಿ ನಿಲ್ಲುತ್ತದೆ.

ಚಕ್ರದ ಕಡೆಯ ಸೋರಿಕೆಗೆ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಆ ಸೀಲಿನ ಆಚೆಗೇ ಬ್ರೇಕ್ ಡ್ರಮ್ಮಿದೆ. ಬ್ರೇಕ್ ಶೂಗಳ ಲೈನರು ಆಯಿಲ್ ಕುಡಿದರೆ ಆ ಚಕ್ರ ಹಿಡಿಯುವುದಿಲ್ಲ. ಜೋರಾಗಿ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ, ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕು ನಿಲ್ಲಿಸುವುದಿಲ್ಲ. ಪೆಟ್ರೋಲಿನಲ್ಲಿ ತೊಳೆದು ಸ್ಯಾಂಡ್‌ಪೇಪರು ತಿಕ್ಕಿ ಅದನ್ನೇ ಹಾಕಿಕೊಡುವವರಿದ್ದಾರೆ. ಬಿಸಿಯಾದ ಕೂಡಲೇ ಒಳಗೆ ಇಂಗಿದ ಆಯಿಲ್ ಮತ್ತೆ ಮೇಲೆ ಬರುತ್ತದೆ. ಎರಡೂ ಕಡೆಯ ಶೂಗಳನ್ನು ಜೊತೆಯಾಗಿ ಬದಲಿಸಬೇಕು. ಆದರೆ ಡ್ರಮ್ಮಿನ ಕೆಳಗೆ ಒದ್ದೆ ಕಂಡದ್ದೆಲ್ಲ ಗೇರ್ ಆಯಿಲೂ ಅಲ್ಲ. ವೀಲ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲೂ ಅಲ್ಲೇ ಹನಿಯುತ್ತದೆ. ಒಂದು ಲೋಟ ನೀರಿಗೆ ಆ ಹನಿ ಬಿಟ್ಟು ನೋಡಿ: ಗೇರ್ ಆಯಿಲ್ ಮೇಲೆ ತೇಲುತ್ತದೆ, ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ಒಂದು ಲೋಟ ನೀರಿನ ಪರೀಕ್ಷೆ ಮಾಡದೆ ಆಕ್ಸಲ್ ಎಳೆದು ಸೀಲು ಬದಲಿಸಿದ ಗ್ಯಾರೇಜು, ಬ್ರೇಕೇ ಹೋಗಲಿದ್ದ ಗಾಡಿಯನ್ನು ರಿಪೇರಿ ಆಯಿತೆಂದು ರಸ್ತೆಗೆ ಬಿಟ್ಟಂತೆ.

ಇಂಥ ಗಾಡಿಗಳನ್ನು ಗುಜರಿಗೆ ಹಾಕುವುದೇ ಮದ್ದು ಎನ್ನುವವರೂ ಇದ್ದಾರೆ. ಹೊಗೆಯ ಪ್ರಶ್ನೆಯಲ್ಲಿ ಅವರ ವಾದಕ್ಕೆ ತೂಕವಿದೆ. ಆದರೆ ಕೇಂದ್ರದ 2021ರ ಗುಜರಿ ನೀತಿ ಕೂಡ ಖಾಸಗಿ ಕಾರಿನ ಹಣೆಬರಹವನ್ನು ಫಿಟ್‌ನೆಸ್ ನೋಡಿ ಬರೆಯುತ್ತದೆ, ಹುಟ್ಟಿದ ವರ್ಷ ನೋಡಿ ಅಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿ ಇದ್ದದ್ದು 5,000ಕ್ಕೇರಿತು. ಅದನ್ನು ಕಟ್ಟಿ ಹಾಲಿನ ಕ್ಯಾನಿಗೋ ತೋಟದ ಆಳುಗಳ ಓಡಾಟಕ್ಕೋ ಓಮ್ನಿ, ಜೀಪು ಇಟ್ಟುಕೊಂಡವರು ಹಟಕ್ಕೆ ಇಟ್ಟುಕೊಂಡಿಲ್ಲ. ಆ ಗಾಡಿಗಳು ಇನ್ನೂ ಕೆಲವು ವರ್ಷ ಓಡುತ್ತವೆ. ಸೋರುತ್ತ ಓಡಬೇಕೇ, ಸೋರದೆ ಓಡಬೇಕೇ ಎನ್ನುವುದಷ್ಟೇ ಉಳಿದಿರುವ ಪ್ರಶ್ನೆ. ಮೊದಲ ಮಳೆಗೆ ರಸ್ತೆಯ ಮೇಲಿನ ಆಯಿಲ್ ಜಿಡ್ಡಿನಲ್ಲಿ ಜಾರುವುದು ಹಿಂದೆ ಬರುವ ಬೈಕಿನವನು. ಇಳಿಸಿದ ಹಳೇ ಆಯಿಲನ್ನು ಚರಂಡಿಗೆ ಚೆಲ್ಲುವುದು, ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೆ ಬಳಿಯುವುದು ನಮ್ಮಲ್ಲಿ ಸಹಜ ಎನಿಸಿಬಿಟ್ಟಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೆ ಹೋಗಬೇಕಾದ ವಸ್ತು.

ಕೊನೆಗೆ ದುಡ್ಡಿನ ಮಾತು. ಮೆಕ್ಯಾನಿಕ್ ಯಾಕೆ ಹುಡುಕುವುದಿಲ್ಲ ಎಂದರೆ, ಹುಡುಕಿದ್ದಕ್ಕೆ ನಾವು ಕೊಡುವುದಿಲ್ಲ. ಎರಡು ಗಂಟೆ ಜಿಡ್ಡು ಉಜ್ಜಿ, ಬ್ರೀದರಿನ ಕೆಸರು ತೆಗೆದು, ಸೀಲು ಬದಲಿಸದೆಯೇ ಸೋರಿಕೆ ನಿಲ್ಲಿಸಿದವನಿಗೆ ‘ಏನೂ ಹಾಕಿಲ್ವಲ್ಲ, ಏನು ಕೊಡೋದು’ ಎಂದು ಐವತ್ತು ರೂಪಾಯಿ ಕೊಟ್ಟು ಬರುತ್ತೇವೆ. ಅದೇ ಕೆಲಸಕ್ಕೆ ಮೂರು ಸೀಲಿನ ಡಬ್ಬಿ ತೋರಿಸಿದವನಿಗೆ ಚೌಕಾಸಿ ಮಾಡಿಯಾದರೂ ಸಾವಿರಗಳಲ್ಲಿ ಎಣಿಸುತ್ತೇವೆ. ಈ ವ್ಯವಸ್ಥೆಯಲ್ಲಿ ಸಾಮಾನು ಬದಲಿಸುವವನು ಬದುಕುತ್ತಾನೆ, ಯೋಚಿಸುವವನು ಬಾಡಿಗೆ ಕಟ್ಟಲಾರ. ಬಿಲ್ಲಿನ ಮೊದಲ ಸಾಲಿನಲ್ಲಿ ‘ಸೋರಿಕೆ ಪತ್ತೆ’ ಎಂದು ಒಂದೆರಡು ಗಂಟೆಯ ಕೂಲಿ ಬರೆದರೆ ಅದನ್ನು ತಕರಾರಿಲ್ಲದೆ ಕೊಡೋಣ. ಇದೂ ಸುಲಿಗೆಯ ಹೊಸ ದಾರಿಯಾಗದೇ ಎಂದು ಕೇಳುವವರಿಗೆ ಉತ್ತರವಿದೆ: ಪತ್ತೆಗೆ ದುಡ್ಡು ಕೊಟ್ಟವರಿಗೆ ಸಾಕ್ಷಿ ಕೇಳುವ ಹಕ್ಕೂ ಬರುತ್ತದೆ. ಪೌಡರಿನ ಮೇಲಿನ ಒದ್ದೆ ಗೆರೆಯ ಫೋಟೊವನ್ನು ಮೊಬೈಲಿಗೆ ಕಳಿಸಲಿ. ಇಳಿಸಿದ ಆಯಿಲಿನ ಬಣ್ಣ ತೋರಿಸಲಿ. ಕಿತ್ತ ಸೀಲನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡಲಿ. ಅದರ ತುಟಿ ಒಣಗಿ ಗಡುಸಾಗಿ ಸೀಳಿದ್ದರೆ ವಯಸ್ಸಾಗಿತ್ತು, ಬದಲಿಸಿದ್ದು ಸರಿ. ಒಂದೇ ಕಡೆ ಹೆಚ್ಚು ಸವೆದಿದ್ದರೆ ಶಾಫ್ಟು ಓಲಾಡುತ್ತಿದೆ, ಬೇರಿಂಗಿನ ಮಾತು ಬಾಕಿಯಿದೆ. ಹೊಸದರಂತೆ ಮೆತ್ತಗೆ, ಸುತ್ತಲೂ ಒಂದೇ ಸಮ ಇದ್ದರೆ ಬಿಲ್ ಕೊಡುವ ಮುನ್ನ, ಬ್ರೀದರ್ ಬಿಚ್ಚಿ ನೋಡಿದ್ದೀರಾ ಎಂದು ಕೇಳಿ.